ಗೋಧಿ ಬಣ್ಣದ ಪಾದ

ಬೆರಳುಗಳೇ ಮೊದಲು ಕಣ್ಣಿಗೆ ಬೀಳುತ್ತವೆ, ಐದೂ ಅಚ್ಚುಕಟ್ಟು, ಉಗುರಿನ ಗೆರೆ ಸಮೇತ, ಕಿಟಕಿಯ ಬಿಸಿಲಿಗೆ ರಬ್ಬರಿನ ಪಾದ ಮಿರಮಿರ ಅನ್ನುತ್ತಿದೆ, ಆದರೆ ಒಂದು ಕಾಲಿಲ್ಲದ ಎನೆಲೆಸ್ ಅದನ್ನು ನೋಡುವ ಪರಿ ನೋಡು— ಯಾರದೋ ಮನೆಯ ಕೂಸನ್ನು ತಂದು ಮಡಿಲಲ್ಲಿಟ್ಟ ಹಾಗೆ, ತೊಟ್ಟುಕೋ ತಾಯಿ, ಮೊಣಕಾಲ ಕೆಳಗೆ ಎಲ್ಲೂ ಒತ್ತುವುದಿಲ್ಲ, ಮತ್ತೆ ಮತ್ತೆ ತಿದ್ದಿದ್ದೇನೆ, ಇನ್ನೇನು ಕೊರತೆ, ಅವಳು ನರ್ಸ್ ಕಡೆ ತಿರುಗಿ ಏನೋ ಅಂದಳು, ನರ್ಸ್ ಅದನ್ನು ಇಂಗ್ಲಿಷಿಗೆ ತಂದಳು, ನನ್ನ ಕಿವಿಗೆ ಮಾತ್ರ ಹಳಿಯಾಳದ ಸಂತೆಯ ಮಾತಾಗಿಯೇ ಬಿತ್ತು, ಇದ್ಯಾರ ಕಾಲವ್ವಾ, ನಂದಲ್ಲ ಇದು.

ನಂದಲ್ಲ. ಹೌದಲ್ಲ, ಮಲಾವಿಯ ಈ ಮಿಷನ್ ಆಸ್ಪತ್ರೆಗೆ ನಾನು ಹುಬ್ಬಳ್ಳಿಯಿಂದ ತಂದ ಪಾದಗಳೆಲ್ಲ ಗೋಧಿ ಬಣ್ಣದವು, ಪೆಟ್ಟಿಗೆಯ ಮೇಲೆ ಸ್ಕಿನ್ ಕಲರ್ ಅಂತಿತ್ತು, ನಾನೇ ಆರಿಸಿದೆ, ನಾನು, ಆಫ್ರಿಕಾ ಮೂಲದ ಸಿದ್ದಿಗಳ ಮನೆಯ ಜೆನಿಫರ್, ದಾಂಡೇಲಿ ಬಸ್ಸಿನಲ್ಲಿ ಪಕ್ಕದ ಸೀಟು ಕೊನೆಯತನಕ ಖಾಲಿಯೇ ಇರುತ್ತಿದ್ದ ಜೆನಿಫರ್, ಅಲ್ಲೇ ಶೇಖಪ್ಪನ ಅಂಗಡಿಗೆ ಕಾಲುಚೀಲಕ್ಕೆ ಹೋದಾಗ ಸ್ಕಿನ್ ಕಲರ್ ಐತಿ ನೋಡ್ರಿ ಅಂದ, ಯಾರ ಸ್ಕಿನ್ನಿಂದರೀ ಅಂದೆ, ಅಂಗಡಿ ತುಂಬ ನಗು, ಅವನೂ ನಕ್ಕ, ನಿಮ್ಮದು ಬ್ಯಾರೆ ತರಸ್ಬೇಕ್ರಿ— ಅಷ್ಟುದ್ದ ನಾಲಿಗೆ ಇದ್ದವಳಿಗೆ ಪೆಟ್ಟಿಗೆ ತುಂಬುವಾಗ ಕಣ್ಣೆಲ್ಲಿ ಹೋಗಿತ್ತು, ಕೃತಕ ಕಾಲು ಕಟ್ಟುವ ಕೆಲಸ ಕಲಿತದ್ದೇ ಆ ಬಣ್ಣದ ಮೇಲೆ, ಮನುಷ್ಯರ ಬಣ್ಣ ಅಂದರೆ ಅದೇ ಅಂತ ಕೈ ನಂಬಿಬಿಟ್ಟಿದೆ, ಥೂ, ನಾಚಿಕೆಯಾಗುತ್ತದೆ, ದೇವರ ಸೇವೆ ಅಂತ ಹೊರಟವಳು, ಉಪದೇಶ ಬರುವುದಿಲ್ಲ ಫಾದರ್, ಕಾಲು ಕಟ್ಟಲು ಬರುತ್ತದೆ ಅಷ್ಟೇ ಅಂದಿದ್ದೆ, ಅಷ್ಟೂ ಸರಿಯಾಗಿ ಬರಲಿಲ್ಲ. ಹೊರಡುವ ದಿನ ಅವ್ವ ಕಾತರಿನಾ ಅಂಗಳದಲ್ಲಿ ನಿಂತು ಹೇಳಿದಳಲ್ಲ, ನಮ್ಮನ್ನ ಆ ಕಡಿಂದ ತಂದವರು ಯಾರೂ ಕೇಳಿ ತರಲಿಲ್ಲ ಮಗಾ, ನೀ ಆದ್ರೂ ಕೇಳಿ ಮಾಡು, ಏಸುಸ್ವಾಮಿನೂ ಕುರುಡಗ ಏನ್ ಮಾಡ್ಲೋ ನಿನಗ ಅಂತ ಕೇಳೇ ಕಣ್ಣು ಕೊಟ್ಟ. ನಾನು ಅಳೆದೆ, ಹಿಮ್ಮಡಿ ಅಳೆದೆ, ಮೀನಖಂಡ ಅಳೆದೆ, ಕೇಳಲಿಲ್ಲ.

ಅಯ್ಯೋ ಎನೆಲೆಸ್ ಎದ್ದಳು, ಊರುಗೋಲಿಗೆ ಕೈ ಹಾಕಿದಳು, ಹೊರಗೆ ಅವಳ ಊರಿನ ಲಾರಿ ಹಾರ್ನ್ ಹೊಡೆಯುತ್ತಿದೆ, ಈಗ ಹೋದರೆ ಮತ್ತೆ ಬರುವವಳಲ್ಲ, ಎರಡೂ ಕೈ ಊರುಗೋಲಿಗೆ ಕೊಟ್ಟರೆ ನೀರು ಹೊರುವುದು ಯಾವ ಕೈಯಲ್ಲಿ, ಕೂಸನ್ನು ಎತ್ತುವುದು ಯಾವ ಕೈಯಲ್ಲಿ, ಹೋಗಬೇಡ, ತಪ್ಪು ನನ್ನದು, ಸಿಸ್ಟರ್ ಕೇಳಿ ಅವಳನ್ನು, ಹೇಗೆ ಮಾಡಿಕೊಡಲಿ ಅಂತ ಕೇಳಿ, ನರ್ಸ್ ಕೇಳಿದಳು, ಎನೆಲೆಸ್ ನಿಂತಳು, ನನ್ನ ಮುಖ ನೋಡಲಿಲ್ಲ, ಚಪ್ಪಲಿಯೊಳಗಿನ ನನ್ನ ಕಪ್ಪು ಕಾಲು ನೋಡಿದಳು, ಬಹಳ ಹೊತ್ತು ನೋಡಿದಳು, ಇಕೀ ಕಾಲು ಮಾಡಿದಾಂವ ಯಾರೋ, ನಂದೂ ಅವನ ಕಡಿಂದನ ಮಾಡಸ್ರಿ ಅಂದಳು. ನರ್ಸ್ ನಕ್ಕಳು, ನನಗೆ ನಗಲಾಗಲಿಲ್ಲ, ಕುರ್ಚಿ ಎಳೆದೆ, ಅವಳು ಕುಳಿತಳು, ಲಾರಿ ಕಾಯಲಿ, ನಾನು ಚಪ್ಪಲಿ ಬಿಟ್ಟು ನೆಲಕ್ಕೆ ಕೂತು ಅವಳಿಗೆ ಉಳಿದ ಪಾದದ ಪಕ್ಕ ನನ್ನದಿಟ್ಟೆ, ರಬ್ಬರಿಗೆ ಬಣ್ಣ ಬೆರೆಸಬೇಕು, ಕಪ್ಪಿಗೆ ಚೂರು ಕೆಂಪು, ಅಲ್ಲ ಕಂದು, ಬೆರಳ ಸಂದಿಗೆ ಇನ್ನೂ ಗಾಢ— ಯಾವುದು ಅವಳದು, ಯಾವುದು ನನ್ನದು, ಸಿಮೆಂಟಿನ ನೆಲದ ಮೇಲೆ ಎರಡು ಕಪ್ಪು ಪಾದ, ಒಂದಕ್ಕೊಂದು ತಾಗಿಕೊಂಡು, ಎರಡು ಪಾದ