ಎರಡನೆಯ ಲೋಟ

ಚಹಾಕ್ಕೆ ಕುಳಿತವರು ಮೂರನೆಯ ಲೋಟಕ್ಕೆ ಮೊದಲು ಏಳುವಂತಿರಲಿಲ್ಲ. ಎದ್ದರೆ ಚಹಾ ಕೊಟ್ಟವನ ಮುಖಕ್ಕೆ ಉಗುಳಿದಂತೆ. ಟ್ಯುನೀಸಿಯಾದ ಈ ಗಣಿಯೂರಿನಲ್ಲಿ ಕೊಲೆಗಡುಕರೂ ಮೀರದ ಮರ್ಯಾದೆ ಅದು. ಆದರೆ ಗಣಿ ಕಂಪನಿಯ ಗುಮಾಸ್ತ ಲಜಹರನ ಮಾವ ಗದ್ದೂರ್ ಮೂರನೆಯದನ್ನು ಸುರಿಯುತ್ತಲೇ ಇರಲಿಲ್ಲ.

"ಇದು ಮೂರನೇದಲ್ವಾ, ಮಾವ?"

"ಎಲ್ಲಿ ಬಂತು? ಇನ್ನೂ ಎರಡನೇದು. ಕಂಪನಿ ಗುಮಾಸ್ತರಿಗೆ ಎರಡು ಮೂರು ಗೊತ್ತಾಗಲ್ವಲ್ರೋ!"

ಸುತ್ತ ಕುಳಿತ ಗಣಿಯಾಳುಗಳು ನಕ್ಕರು. ಫಾಸ್ಫೇಟಿನ ಬಿಳಿಧೂಳು ಮೆತ್ತಿದ ಆ ಮುಖಗಳಲ್ಲಿ ನಗೆ ಯಾವುದು, ಬಿರುಕು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ.

ಮುಷ್ಕರ ಹೂಡಿದ ಅವರು ಗಣಿಯ ಅಂಗಳವನ್ನು ಬಿಟ್ಟು ಕದಲಿರಲಿಲ್ಲ. ಗೇಟಿನಾಚೆ ಫ್ರೆಂಚರ ಸೈನ್ಯ ಸಾಲುಗಟ್ಟಿ ನಿಂತಿತ್ತು. ಬೆಳಗ್ಗೆ ಕಂಪನಿಯ ಇಂಜಿನಿಯರು ಲಜಹರನಿಗೆ ಸಿಗರೇಟು ಕೊಟ್ಟಿದ್ದ, ಹಿಂದೆಂದೂ ಕೊಟ್ಟವನಲ್ಲ.

"ನಿನ್ನವರಿಗೆ ಬುದ್ಧಿ ಹೇಳಿ ಬಾ. ನೀನು ಒಳಗಿರೋ ತನಕ ಗುಂಡು ಹಾರಲ್ಲ. ಹೊರಗೆ ಬಂದ್ಮೇಲೆ ಕ್ಯಾಪ್ಟನ್ ಉಂಟು, ಅವರುಂಟು."

ಲಜಹರ್ ಬಂದು ಬುದ್ಧಿ ಹೇಳಿದ್ದ. ಕಡೆಯ ಮಾತನ್ನು ಮಾತ್ರ ಹೇಳಿರಲಿಲ್ಲ. ಹೇಳಿದರೆ, ತನ್ನನ್ನು ಹೊರಗೆ ಬಿಡುವುದಿಲ್ಲ. ಹೇಳದಿದ್ದರೆ? ಆ ಪ್ರಶ್ನೆಯನ್ನು ಅವನು ಚಹಾದೊಂದಿಗೆ ನುಂಗುತ್ತಿದ್ದ.

ಚಹಾ ಲೋಟದಿಂದ ಲೋಟಕ್ಕೆ ತಿಳಿಯಾಗುತ್ತ ಬಂದು ಈಗ ಬರಿಯ ಬಿಸಿನೀರಾಗಿತ್ತು. ಕಿಬ್ಬೊಟ್ಟೆ ಬಿಗಿದಿತ್ತು. ಇಷ್ಟು ಜನರ ಆಯುಸ್ಸಿನ ನಡುವೆ ತನಗೆ ಇಂಥ ಅವಸರ ಬರಬೇಕೆ ಎಂದು ನಾಚಿಕೆಯಾಯಿತು. ಹೊರಬೀಳಲು ಇದೇ ನೆಪವೂ ಆದೀತೆಂದು ಹೊಳೆದಾಗ ನಾಚಿಕೆ ಕಡಿಮೆಯಾಯಿತು.

"ಮಾವ, ಒಂದ್ನಿಮಿಷ... ಆ ಗೋಡೆ ಮರೆಗೆ ಹೋಗ್ಬರ್ತೀನಿ."

ಗದ್ದೂರ್ ಕೆಂಡವನ್ನು ಊದಿದ. "ಗೋಡೆ ಮರೆಗೆ ಹೋದ್ರೆ ನಿಮ್ಮ ಬಿಳಿ ಕೋಟು ಅವರಿಗೆ ಕಾಣಲ್ಲ. ತಡ್ಕೊಳ್ಳಿ, ಅಳಿಯಂದಿರೇ."

ಈ ಬಾರಿ ಯಾರೂ ನಗಲಿಲ್ಲ.

ಇಂಜಿನಿಯರನ ಮಾತನ್ನು ಅವನು ಹೇಳಿದ್ದು ಒಬ್ಬಳಿಗೆ ಮಾತ್ರ: ಹೆಂಡತಿ ಮಬ್ರೂಕಾಗೆ. ಕಂದು ಕೋಟು ತೊಟ್ಟು ಹೊರಟವನನ್ನು ಅವಳೇ ತಡೆದಿದ್ದಳು. "ಬಿಳೀದು ಹಾಕ್ಕೊಳ್ಳಿ, ದೂರಕ್ಕೆ ಕಾಣತ್ತೆ." ಗುಂಡಿಗಳನ್ನೂ ತಾನೇ ಹಾಕಿದ್ದಳು. ಗಂಡ ಉಳಿಯಲೆಂದೋ, ಅಪ್ಪ ಉಳಿಯಲೆಂದೋ? ಅವಳ ಬೆರಳುಗಳನ್ನು ನೆನೆದ. ನಡುಗಿರಲಿಲ್ಲ.

"ಮಬ್ರೂಕಾ ಇಲ್ಲಿಗೆ ಬಂದಿದ್ಲಾ?"

"ಕುಡೀರಿ. ಆರತ್ತೆ."

"ಎಷ್ಟು ಹೊತ್ತು ಹೀಗೇ?"

"ಎರಡನೇದು ಮುಗೀಲಿ."

ಮಡಚಿದ ಕಾಲು ಜೋಮು ಹಿಡಿದಿತ್ತು. ಏಳುವ ಯೋಚನೆ ಖಂಡಿತ ಇರಲಿಲ್ಲ. ಇರಲಿಲ್ಲವೆಂದೇ ಅವನು ನಂಬಿದ. ಒಂದು ಮೊಣಕಾಲನ್ನು ಚಾಪೆಯಿಂದ ತುಸು ಎತ್ತಿದ.

ಗೇಟಿನಾಚೆ ಬಂದೂಕುಗಳ ಸಾಲು ಅಷ್ಟೇ ಎತ್ತರಕ್ಕೆ ಎದ್ದಿತು. ಗದ್ದೂರನ ಕೈಯ ಕೆಟಲು ಲೋಟದ ಮೇಲೆ ವಾಲಿದಂತೆಯೇ ಉಳಿಯಿತು. ಅದರ ಮೂತಿಯಿಂದ ನೀರೂ ಬೀಳಲಿಲ್ಲ.

ಎಲ್ಲರೂ ಆ ಮೊಣಕಾಲನ್ನೇ ನೋಡುತ್ತಿದ್ದರು. ಲಜಹರನೂ ನೋಡಿದ. ಮರಗಟ್ಟಿದ ಅದು ಗಾಳಿಯಲ್ಲಿ ಸಣ್ಣಗೆ ನಡುಗುತ್ತಿತ್ತು, ಬೇರೆ ಯಾರದೋ ಎಂಬಂತೆ.