ನಾಲ್ಕನೆಯ ಹೆಸರು

ಸತ್ತ ಅಪ್ಪನಿಗಾಗಿ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲವೆಂದು ನೆಂಟರಿಗೆಲ್ಲ ಅವಳ ಮೇಲೆ ಸಿಟ್ಟು. ಸೋದರತ್ತೆಯಂತೂ "ಕಲ್ಲು ಕಣೇ ನೀನು" ಎಂದು ಮುಖಕ್ಕೆ ಹೊಡೆದಂತೆ ಹೇಳಿಯೂ ಬಿಟ್ಟಿದ್ದಳು. ಅಳು ಬರಬೇಕಲ್ಲ! ಕರೆದ ತಕ್ಷಣ ಓಡಿಬರುವುದಕ್ಕೆ ಅದೇನು ಸಾಕಿದ ನಾಯಿಯೇ? ಇಪ್ಪತ್ತು ದಿನದಿಂದ ಅವಳಿಗೆ ಹಸಿವೂ ಇರಲಿಲ್ಲ, ಹಸಿವಿಲ್ಲವಲ್ಲ ಎಂಬ ಬೇಸರವೂ ಇರಲಿಲ್ಲ.

ಅಪ್ಪ ಬೋರ್ಡು ಬರೆಯುವವನು. ಇವಳು ಹದಿನಾರು ವರ್ಷದಿಂದ ಅವನ ಅಕ್ಷರಗಳಿಗೆ ನೆರಳು ಬಳಿಯುವವಳು. ಅಕ್ಷರಕ್ಕೆ ಮಾತ್ರ ಕೈ ಹಚ್ಚಲು ಬಿಡುತ್ತಿರಲಿಲ್ಲ ಪುಣ್ಯಾತ್ಮ. "ಇನ್ನೂ ಕೈ ಪಳಗಿಲ್ಲ" ಎನ್ನುತ್ತಿದ್ದ. ಲೋಕವನ್ನು ಉಳಿಸಲು ಮಗುವಾಗಿ ಹುಟ್ಟಿಬರಲಿರುವ ಮೆಸ್ಸೀಯನಿಗೆ ಬೈಬಲಿನ ಪ್ರವಾದಿ ಮೊದಲೇ ಕೊಟ್ಟ ಐದು ಹೆಸರುಗಳನ್ನು ಚರ್ಚಿನ ಗೋಡೆಯ ಮೇಲೆ ಬರೆಯುವುದೇ ಅವನ ಕೊನೆಯ ಕೆಲಸವಾಯಿತು. ಐದು ಹೆಸರಿಗೂ ಪೆನ್ಸಿಲಿನ ಗೆರೆ ಹಾಕಿ, ಅದ್ಭುತನು, ಆಲೋಚನಾಕರ್ತನು, ಪರಾಕ್ರಮಿಯಾದ ದೇವರು ಎಂಬ ಮೂರಕ್ಕೆ ಬಣ್ಣ ತುಂಬಿ, ಮನೆಗೆ ಬಂದು ಮಲಗಿದವನು ಏಳಲಿಲ್ಲ.

ಶನಿವಾರ ಸಂಜೆಯೊಳಗೆ ಮುಗಿಯದಿದ್ದರೆ ಬೇರೆಯವರನ್ನು ಕರೆಸುತ್ತೇವೆಂದು ಪಾಸ್ಟರು ಹೇಳಿಕಳಿಸಿದ್ದರು. ಅಪ್ಪನ ಗೋಡೆಗೆ ಬೇರೆಯವನ ಕೈ! ಆ ಮಾತೇ ಅವಳನ್ನು ಹಾಸಿಗೆಯಿಂದ ಎಬ್ಬಿಸಿ ಚರ್ಚಿಗೆ ಕರೆತಂದಿತು.

ಸ್ಟೂಲಿನ ಮೇಲೆ ನಿಂತು ಕೆಳಗಿನ ಐದನೆಯ ಹೆಸರು, ಸಮಾಧಾನದ ಪ್ರಭು, ಬರೆದು ಮುಗಿಸಿದಳು. ಅಪ್ಪನ ಗೆರೆಯೊಳಗೆ ಕೈ ತಾನಾಗಿಯೇ ಓಡಿತು. ಆಮೇಲೆ ಡಬ್ಬಿ ಮುಚ್ಚಿ ಸುಮ್ಮನೆ ಕೂತಳು.

ಪಾಸ್ಟರು ಬಂದು ನೋಡಿದರು. "ನಡುವೆ ಒಂದನ್ನ ಬಿಟ್ಟಿದ್ದೀಯಲ್ಲಮ್ಮ?"

"ಅದು ನನ್ನ ಕೈಲಾಗಲ್ಲ ಪಾಸ್ಟರೇ."

ನಾಲ್ಕನೆಯದು, ನಿತ್ಯನಾದ ತಂದೆ.

"ಹುಟ್ಟೋ ಮಗುವಿಗೆ ತಂದೆ ಅಂತ ಹೆಸರಿಟ್ಟಿದ್ದಾರೆ, ಅದೂ ನಿತ್ಯನಾದ ತಂದೆ. ಯಾವ ತಂದೆ ನಿತ್ಯ ಇರ್ತಾನೆ, ಹೇಳಿ?" ಗಂಟೆ ಎಷ್ಟಾಯಿತೆಂದು ಕೇಳಿದ ಹಾಗಿತ್ತು ಅವಳ ದನಿ.

ಪಾಸ್ಟರು ಉಪದೇಶಕ್ಕೆಂದು ಗಂಟಲು ಸರಿಮಾಡಿಕೊಂಡವರು ಅವಳ ಮುಖ ನೋಡಿ ಮೆತ್ತಗಾದರು. "ಸಾವು ಮುಟ್ಟಲ್ಲ ಅಂತ ಆ ಹೆಸರಲ್ಲಮ್ಮ. ಶಿಲುಬೆ ಮೇಲೆ ಆತನೂ ಸತ್ತ. ಸತ್ತರೂ ಮಕ್ಕಳ ಕೈ ಬಿಡಲಿಲ್ಲ, ಎದ್ದು ಬಂದ. ನಾವು ನಂಬಿರೋದು ಅದನ್ನೇ."

ಮಾತು ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ. ಅಳತೆಯನ್ನಾದರೂ ನೋಡೋಣವೆಂದು ಏಣಿ ಹತ್ತಿದಳು.

ನಾಲ್ಕನೆಯ ಸಾಲಿನ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಬರಹವಿತ್ತು. ಯಾವ ಬಣ್ಣ, ಎಷ್ಟನೇ ಬ್ರಷ್ಷು ಎಂದು ಅಪ್ಪ ಗೋಡೆಯ ಮೇಲೇ ಗುರುತು ಹಾಕಿಕೊಂಡು, ಕೆಲಸ ಮುಗಿದ ಮೇಲೆ ಅಳಿಸುತ್ತಿದ್ದ. ಇಲ್ಲಿ ಹೀಗೆ ಬರೆದಿದ್ದ: "ನೀಲಿ. ಆರನೇ ಬ್ರಷ್ಷು. ಇದನ್ನು ಮಗಳು ಬರೆಯಲಿ. ಕೈ ಪಳಗಿದೆ."

ಅವಳು ಎರಡು ಸಲ ಓದಿದಳು. ಕೆಳಗಿಳಿದು ಆರನೇ ಬ್ರಷ್ಷು ಹುಡುಕಿ ತೆಗೆದುಕೊಂಡಳು.

ಸಂಜೆ, ಬಣ್ಣ ಒಣಗಿದ ಮೇಲೆ, ರಬ್ಬರು ಹಿಡಿದು ಐದೂ ಸಾಲಿನ ಗೆರೆಗಳನ್ನು ಅಳಿಸಿದಳು. ಪೆನ್ಸಿಲು ಕಾಣುತ್ತಿರುವ ತನಕ ಕೆಲಸ ಮುಗಿದ ಹಾಗಲ್ಲ ಎಂಬುದು ಅಪ್ಪನ ಕಟ್ಟಪ್ಪಣೆ. ಪಾಸ್ಟರು ಕೆಳಗಿನಿಂದ ಕತ್ತೆತ್ತಿ, "ಆ ನಾಲ್ಕನೇ ಸಾಲಿನ ಅಂಚಲ್ಲಿ ಒಂಚೂರು ಪೆನ್ಸಿಲ್ ಉಳಿದಿದೆಯಲ್ಲಮ್ಮ" ಎಂದರು.

"ಇರಲಿ ಪಾಸ್ಟರೇ," ಎಂದಳು. "ಅಪ್ಪನ ಕೆಲಸ ಇನ್ನೂ ಮುಗಿದಿಲ್ಲ."

ಇಳಿಯಲು ಕಾಲಿಟ್ಟರೆ ಏಣಿಯ ಮೆಟ್ಟಿಲು ಕಾಣಲಿಲ್ಲ. ಕಣ್ಣು ಒರೆಸಿಕೊಂಡಳು, ಮತ್ತೆ ತುಂಬಿಕೊಂಡಿತು.