ನಲವತ್ತಕ್ಕೆ ನಲವತ್ತು

ಹಗ್ಗ ಹಿಡಿದ ನಾಲ್ವರು ಪೆಟ್ಟಿಗೆಯನ್ನು ಗೇಣು ಗೇಣಾಗಿ ಇಳಿಸುತ್ತಿದ್ದರು. "ನಿಧಾನ ಕಣ್ರೋ, ಕಿವಿಯಣ್ಣ ಎಚ್ಚರಾದಾನು," ಎಂದು ಅವರಲ್ಲೊಬ್ಬ ತಮಾಷೆ ಮಾಡಹೋಗಿ ತಾನೇ ಅತ್ತುಬಿಟ್ಟ. ಗುಂಡಿಯ ಅಂಚಿನಲ್ಲಿ ನಿಂತಿದ್ದ, ಸತ್ತವನ ಹೆಂಡತಿಗೆ ಇನ್ನೂ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಅಳಿಯ ಹೆಗಲು ಕೊಟ್ಟವನು ಸ್ಮಶಾನದ ಗೇಟಿನಿಂದಲೇ ಡ್ಯೂಟಿಗೆ ಓಡಿದ್ದ. ಮಾವನ ಮೇಲೆ ಒಂದು ಹಿಡಿ ಮಣ್ಣು ಬೀಳುವ ತನಕ ನಿಂತಿದ್ದರೆ ಅವನ ಬುಲ್ಡೋಜರ್ ಏನು ರೆಕ್ಕೆ ಬಂದು ಹಾರಿಹೋಗುತ್ತಿತ್ತೇ?

"ಅಮ್ಮಾ, ಸಾಹೇಬರು ಬಂದ್ರು," ಎಂದಳು ಮಗಳು.

ಸಾಹೇಬರು ಎಂದರೆ ಸ್ಮಶಾನದ ಗೋಡೆಯಾಚೆಯ ಮೈದಾನದ ಸಾಹೇಬರು. ಹೊಸದಾಗಿ ತಯಾರಾದ ಫಿರಂಗಿ ಗುಂಡುಗಳನ್ನು ಅಲ್ಲಿ ಹಾರಿಸಿ ಪರೀಕ್ಷೆ ಮಾಡುತ್ತಾರೆ. ಹಾರಿದವುಗಳಲ್ಲಿ ಎಷ್ಟು ಸಿಡಿದವು ಎಂದು ಬಂಕರಿನೊಳಗೆ ಕೂತು ಎಣಿಸುವುದೇ ಸತ್ತವನ ಇಪ್ಪತ್ತೆಂಟು ವರ್ಷದ ನೌಕರಿ. ಎಣಿಕೆಯಲ್ಲಿ ಒಂದು ಕಡಿಮೆಯಾದರೂ ಒಂದು ಗುಂಡು ನೆಲದಲ್ಲಿ ಜೀವಂತ ಕೂತಿದೆ ಎಂದೇ ಅರ್ಥ. ಅದು ಸಿಗುವ ತನಕ ಒಂದು ನರಪಿಳ್ಳೆಯೂ ಅಲ್ಲಿಗೆ ಕಾಲಿಡುವಂತಿಲ್ಲ. ಇವನ ಕಿವಿ ಒಮ್ಮೆಯೂ ತಪ್ಪಿಲ್ಲವೆಂದು ಊರೇ ಹೇಳುತ್ತಿತ್ತು. ಕಿವಿಯಣ್ಣ ಎಂಬ ಹೆಸರು ಬಂದದ್ದು ಹಾಗೆ.

"ಅಮ್ಮಾ, ಕೊನೇ ಎಣಿಕೆಯಲ್ಲೂ ನಮ್ಮ ಮಾನ ಉಳಿಸಿ ಹೋದ್ರು ನಿಮ್ಮ ಯಜಮಾನರು," ಎಂದು ಸಾಹೇಬರು ಟೋಪಿ ತೆಗೆದರು. "ಹೊಸ ಗುಂಡು ನಲವತ್ತು ಹಾರಿಸಿದ್ವಿ. ಸದ್ದು ಎಣಿಸೋ ಯಂತ್ರ ಮೂವತ್ತೇಳೇ ಅಂತು. ಎರಡು ಒಟ್ಟಿಗೆ ಸಿಡಿದ್ರೆ ಆ ದರಿದ್ರದ್ದಕ್ಕೆ ಒಂದೇ ಕೇಳೋದು. ಇವರು ನಲವತ್ತಕ್ಕೆ ನಲವತ್ತು ಅಂತ ಬರೆದುಕೊಟ್ರು. ಯಂತ್ರ ಬಿಟ್ಟು ಇವರನ್ನೇ ನಂಬಿದ್ವಿ."

ಅವಳು ತಟ್ಟನೆ ಅವರತ್ತ ತಿರುಗಿದಳು. "ಮೂವತ್ತೇಳಾ?"

*

ಅವನ ಕಿವಿ ಹೋಗಿ ಎರಡು ವರ್ಷವಾಗಿತ್ತು. ಗಂಡ ಹೆಂಡತಿಯ ನಡುವಿನ ಗುಟ್ಟು, ಮಗಳಿಗೂ ಹೇಳಿರಲಿಲ್ಲ. ಅವಳು ಬೆನ್ನ ಹಿಂದೆ ಎಷ್ಟು ಬೈದರೂ ತೆಪ್ಪಗಿರುತ್ತಿದ್ದ, ಎದುರು ನಿಂತು ಬೈದರೆ ತುಟಿ ನೋಡಿ ತಿರುಗಿ ಬೈಯುತ್ತಿದ್ದ. ವರ್ಷಕ್ಕೊಮ್ಮೆ ನಡೆಯುವ ಕಿವಿ ಪರೀಕ್ಷೆಯಲ್ಲಿ, ಬಟನ್ ಒತ್ತುವ ನರ್ಸಿನ ಮೊಣಕೈ ಅಲುಗಿದಾಗಲೆಲ್ಲ ಬೆರಳೆತ್ತಿ ಪಾಸಾಗಿ ಬಂದಿದ್ದ.

"ಸಾಕು, ಕೆಲಸ ಬಿಡ್ರೀ," ಎಂದು ಅವಳು ಗೋಗರೆದಿದ್ದಳು.

"ಬಿಟ್ಟು ಏನು ಮಾಡ್ಲಿ? ಮನೇಲಿ ಕೂತು ನಿನ್ನ ಬೈಗುಳ ಎಣಿಸ್ಲಾ?"

ಅವನಿಗೊಂದು ಉಪಾಯ ಸಿಕ್ಕಿತ್ತು. ಬಂಕರಿನಲ್ಲಿ ಒಬ್ಬನೇ ಇರುತ್ತಿದ್ದನಲ್ಲ, ಬೂಟು ಕಳಚಿ ಬರಿ ಹಿಮ್ಮಡಿಯನ್ನು ನೆಲಕ್ಕೂರುತ್ತಿದ್ದ. ಗುಂಡು ಬಿದ್ದು ಸಿಡಿದರೆ ನೆಲ ನಡುಗುತ್ತದೆ; ಒಂದು ನಡುಕಕ್ಕೆ ಒಂದು ಗೀಟು. ಕಾಲು ಕಿವಿಗಿಂತ ಪ್ರಾಮಾಣಿಕ ಎಂದು ಜಂಬ ಕೊಚ್ಚುತ್ತಿದ್ದ. ಎರಡು ವರ್ಷ ಲೆಕ್ಕ ಸರಿಯಾಗಿಯೇ ಬಂತು.

ಹೋದ ವಾರ ಮಾತ್ರ ಕೆಲಸದಿಂದ ಬಂದವನು ಊಟ ಮುಟ್ಟಲಿಲ್ಲ.

"ನಲವತ್ತು ಹಾರಿಸಿದ್ರು ಕಣೇ. ನನ್ನ ಕಾಲಿಗೆ ಬಂದದ್ದು ಮೂರೇ. ಅದೂ ಸಣ್ಣಗೆ, ಧಪ್ ಅಂತ."

"ಅಯ್ಯೋ! ಏನಂತ ಬರೆದ್ರಿ ಮತ್ತೆ?"

"ಹೊರಗೆ ಬಂದೆ. ಎಲ್ಲರೂ ನಗ್ತಾ ಕೈ ಕುಲುಕ್ತಿದ್ರು. ಎಲ್ಲ ಸಿಡಿದಿರಬೇಕು ಅಂದ್ಕೊಂಡು ನಲವತ್ತು ಬರೆದೆ. ಹೊಸ ಗುಂಡು ಹಗುರ ಇರಬೇಕು, ಅಲ್ವಾ?"

ಅಲ್ವಾ ಎಂದು ಅವಳನ್ನು ಕೇಳಿದ್ದ! ಗುಂಡಿನ ವಿಚಾರ ಅವಳಿಗೇನು ಗೊತ್ತು? ಹೌದು ಹೌದು ಎಂದು ತಲೆಯಾಡಿಸಿ ತಟ್ಟೆ ಮುಂದಕ್ಕೆ ತಳ್ಳಿದ್ದಳು. ಮೂರು ದಿನ ಅವನು ಕಣ್ಣು ಮುಚ್ಚಲಿಲ್ಲ. ನಾಲ್ಕನೆಯ ಬೆಳಿಗ್ಗೆ ಗಡ್ಡ ಹೆರೆಯುತ್ತ ಕುಸಿದವನು ಏಳಲೇ ಇಲ್ಲ.

*

"ಸಾಹೇಬರೇ, ಆ ಗುಂಡು ಸಿಡಿದ್ರೆ ನೆಲ ನಡುಗುತ್ತಾ?"

ಗಂಡ ಸತ್ತ ಹೆಂಗಸು ಕೇಳುವ ಪ್ರಶ್ನೆಯೇ ಇದು? ಸಾಹೇಬರು ಕಕ್ಕಾಬಿಕ್ಕಿಯಾದರು. "ಇಲ್ಲಮ್ಮಾ, ಅದೇ ಅದರ ಹೆಚ್ಚುಗಾರಿಕೆ. ಮೂರಂತಸ್ತಿನ ಎತ್ತರದಲ್ಲಿ ಗಾಳಿಯಲ್ಲೇ ಸಿಡಿದುಹೋಗುತ್ತೆ. ನೆಲದಲ್ಲಿ ಒಂದೂ ಉಳಿಯಲ್ಲ. ಯುದ್ಧ ಮುಗಿದ ಮಾರನೇ ದಿನ ಮಕ್ಕಳು ಅಲ್ಲಿ ಚೆಂಡಾಡಬಹುದು. ನಾಳೆ ಕೊಳ್ಳೋರನ್ನ ಆ ಮೈದಾನದಲ್ಲೇ ನಡೆಸಿ ತೋರಿಸ್ತೀವಿ. ನೆಲ ಸಮ ಮಾಡಿಡಬೇಕು, ಅದಕ್ಕೇ ನಿಮ್ಮ ಅಳಿಯನ್ನ ಇವತ್ತೇ ಕಳಿಸಿದ್ದು. ಬೇಜಾರು ಮಾಡ್ಕೋಬೇಡಿ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸಿಡಿದವು ನೆಲ ಮುಟ್ಟಿಲ್ಲ. ಅವನ ಕಾಲಿಗೆ ಬಂದ ಆ ಮೂರು ಸಿಡಿಯದೆ ನೆಲಕ್ಕೆ ಬಡಿದವು. ಗೋಡೆಯಾಚೆ ಅಳಿಯನ ಬುಲ್ಡೋಜರ್ ಆಗಲೇ ಗುರುಗುಟ್ಟುತ್ತಿತ್ತು.

ಬಾಯಿ ಬಿಟ್ಟರೆ ಇಪ್ಪತ್ತೆಂಟು ವರ್ಷದ ಹೆಸರನ್ನೂ ಅವನ ಜೊತೆ ಅದೇ ಗುಂಡಿಯೊಳಗೆ ಹಾಕಿದಂತೆ. ಮಗಳ ಮುಖ ನೋಡಿದಳು.

"ಅವರಿಗೆ ಕಿವಿ ಕೇಳ್ತಿರ್ಲಿಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಕಿರುಚಿದಳು. "ಎರಡು ವರ್ಷದಿಂದ ಕಿವಿ ಕೇಳ್ತಿರ್ಲಿಲ್ಲ! ಕಾಲಲ್ಲಿ ಎಣಿಸ್ತಿದ್ರು! ಮೂರು ಸಿಡೀದೆ ಬಿದ್ದಿವೆ, ನಿಮ್ಮ ಯಂತ್ರ ಹೇಳಿದ್ದೇ ನಿಜ!"

ಸಾಹೇಬರ ಮುಖ ಬಿಳಿಚಿಕೊಂಡಿತು. "ದುಃಖದಲ್ಲಿ ಏನೇನೋ ಆಡ್ತಿದ್ದೀರಿ. ಸಹಿ ಆಗಿದೆಯಮ್ಮಾ, ಕಾಗದ ಮೇಲಕ್ಕೆ ಹೋಗಿಯಾಗಿದೆ..."

"ಕಾಗದಕ್ಕೆ ಬೆಂಕಿ ಬೀಳ್ಲಿ! ಅವನನ್ನ ನಿಲ್ಲಿಸಿ!"

ಮಗಳು ಆಗಲೇ ಗಂಡನಿಗೆ ಫೋನ್ ಹಚ್ಚಿದ್ದಳು. ರಿಂಗಾಗಿ ಕಡಿಯಿತು. ಮತ್ತೆ ಹಚ್ಚಿದಳು. ಆ ಇಂಜಿನ್ನಿನ ಗದ್ದಲದಲ್ಲಿ ಅವನಿಗೆ ಹೇಗೆ ಕೇಳೀತು? ಸಾಹೇಬರು ಟೋಪಿಯನ್ನು ಅಲ್ಲೇ ಬಿಟ್ಟು ಜೀಪಿನ ಕಡೆ ಓಡಿದರು.

ಗೋಡೆಯಾಚೆ ಇಂಜಿನ್ ನಿಂತಿತು. ಫೋನಿನ ಸ್ಪೀಕರಿನಲ್ಲಿ ಅಳಿಯನ ದನಿ ಬಂತು.

"ಮಣ್ಣಾಯ್ತಾ? ಅತ್ತೆ ಹೇಗಿದ್ದಾರೆ?"

ಅವಳು ಮಗಳ ಕೈಯಿಂದ ಫೋನ್ ಕಿತ್ತುಕೊಂಡಳು. "ಗಾಡಿ ಯಾಕಪ್ಪಾ ನಿಲ್ಲಿಸಿದೆ?"

"ಬ್ಲೇಡಿಗೆ ಏನೋ ಸಿಕ್ಕಿದೆ ಅತ್ತೆ. ಕಲ್ಲಿರಬೇಕು. ಎತ್ತಿ ಹಾಕೋಣ ಅಂತ ಇಳೀತಿದ್ದೆ."

"ಇಳೀಬೇಡ. ಏನನ್ನೂ ಮುಟ್ಟಬೇಡ, ನನ್ನಪ್ಪಾ. ಇದ್ದಲ್ಲೇ ಇರು, ಉಸಿರೂ ಜೋರಾಗಿ ಬಿಡಬೇಡ."

ಅವನ ದನಿ ತೀರ ಸಣ್ಣದಾಯಿತು.

"ಅತ್ತೆ, ಒಂದು ಕಾಲು ಕೆಳಗಿಟ್ಟಾಗಿದೆ."

ಮಣ್ಣು ಮುಚ್ಚಲು ನಿಂತಿದ್ದವನ ಸಲಿಕೆ ತುಂಬ ಮಣ್ಣಿತ್ತು. ಅದನ್ನು ಪೆಟ್ಟಿಗೆಯ ಮೇಲೆ ಸುರಿಯಲು ಅವನಿಗೆ ಧೈರ್ಯವಾಗಲಿಲ್ಲ. ಎತ್ತಿದ ಸಲಿಕೆಯನ್ನು ಹಾಗೇ ಹಿಡಿದು, ರಟ್ಟೆ ನಡುಗುತ್ತಿದ್ದರೂ, ಒಂದು ಹರಳೂ ಕೆಳಗೆ ಬೀಳದಂತೆ ನೋಡಿಕೊಳ್ಳುತ್ತ ನಿಂತಿದ್ದ.